ಕಾಶಿಯಲ್ಲಿ ಬಿಟ್ಟು ಬಂದ ರುಚಿ

ಆ ಅರ್ಜಿಯ ಹದಿನೇಳನೆಯ ಪ್ರಶ್ನೆಗೆ ‘ಹೌದು’ ಎಂದು ಗುರುತು ಹಾಕಿದವನು ನಾನು. ಬನಕ್ಕ ಹಾಕಲಿಲ್ಲ, ಕಂಪನಿಯವರು ಹಾಕಲಿಲ್ಲ, ಯಂತ್ರವಂತೂ ಹಾಕಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಂಥ ಸಂಗತಿ ಹೇಳಲು ಕುಳಿತವರೆಲ್ಲ ಕೊನೆಗೆ ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆ. ಪ್ರಶ್ನೆ ಇದ್ದದ್ದು ಇಷ್ಟೇ: ‘ನೀವು ತಯಾರಿಸುವ ಪದಾರ್ಥವನ್ನು ನೀವು ದಿನವೂ ತಿನ್ನುತ್ತೀರಾ?’ ಚಟ್ನಿಪುಡಿ ಮಾಡಿ ಮಾರುವ ಹೆಂಗಸು ಚಟ್ನಿಪುಡಿ ತಿನ್ನದೆ ಇರುತ್ತಾಳೆಯೇ ಎಂದುಕೊಂಡು, ಎದುರಿಗೇ ಕುಳಿತಿದ್ದವಳನ್ನು ಒಂದು ಮಾತು ಕೇಳದೆ, ಗೀಚಿ ಮುಂದೆ ಹೋದೆ. ಅವತ್ತು ಇನ್ನೂ ಹನ್ನೊಂದು ಅರ್ಜಿ ತುಂಬುವುದಿತ್ತು, ಊಟದ ಹೊತ್ತು ಬೇರೆ ಆಗಿತ್ತು.

ನನ್ನ ಹೆಸರು ಈರಣ್ಣ ಮುಳಗುಂದ. ಹುಬ್ಬಳ್ಳಿಯಲ್ಲಿ ‘ಪಂಕ್ತಿ’ ಎಂಬ ಸಾಮಾಜಿಕ ಜಾಲತಾಣದ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿ, ಕರದಂಟು ಅಂತ ಮನೆಯಲ್ಲಿ ಮಾಡಿ ಮಾರುವ ಸಣ್ಣ ವ್ಯಾಪಾರದವರನ್ನು ಹುಡುಕಿ, ಅವರಿಗೆ ಜಾಲತಾಣ ಬಳಸುವುದನ್ನು ಕಲಿಸುವುದು ನನ್ನ ಕೆಲಸ. ಹಳೆಯ ಜಾಲತಾಣಗಳಲ್ಲಿ ನೋಡಬಹುದಿತ್ತು, ಕೇಳಬಹುದಿತ್ತು. ತಿನ್ನುವ ಪದಾರ್ಥ ಮಾರುವವರಿಗೆ ಅದರಿಂದ ಏನು ಬಂತು? ಹಸಿದವನಿಗೆ ಹೋಳಿಗೆಯ ಚಿತ್ರ ತೋರಿಸಿದ ಹಾಗೆ. ‘ಪಂಕ್ತಿ’ಯವರು ರುಚಿಯನ್ನೇ ಕಳಿಸಿಕೊಡುವ ದಾರಿ ಕಂಡುಕೊಂಡಿದ್ದರು.

ಮಾರುವವರ ಹಣೆಗೆ ಒಂದು ತೆಳ್ಳನೆಯ ಪಟ್ಟಿ, ನೋಡುವವರ ನಾಲಗೆಯ ಮೇಲೆ ನಾಲ್ಕಾಣೆ ಗಾತ್ರದ ಒಂದು ಬಿಲ್ಲೆ. ಮಾರುವವರು ಕಣ್ಣು ಮುಚ್ಚಿ ತಮ್ಮ ಪದಾರ್ಥದ ರುಚಿ ನೆನೆಸಿಕೊಳ್ಳಬೇಕು. ಆಗ ಮಿದುಳಿನಲ್ಲಿ ಏಳುವ ಸಂಕೇತಗಳನ್ನು ಪಟ್ಟಿ ಓದಿಕೊಳ್ಳುತ್ತದೆ; ಬಿಲ್ಲೆ ಅದನ್ನೇ ಸಾವಿರಾರು ಜನರ ನಾಲಗೆಯ ಮೇಲೆ ಆರು ಸೆಕೆಂಡು ಎಬ್ಬಿಸುತ್ತದೆ. ಬಾಯಲ್ಲಿ ಏನೂ ಇರುವುದಿಲ್ಲ, ಆದರೂ ನೀರೂರುತ್ತದೆ. ನೆನೆಸಿಕೊಳ್ಳುವುದು ಯಾಕೆ, ಒಂದು ತುತ್ತು ತಿಂದು ಕಳಿಸಿದರಾಗದೇ ಎಂದು ಎಲ್ಲರೂ ಕೇಳುತ್ತಿದ್ದರು. ತಿಂದಾಗ ಪಟ್ಟಿಗೆ ಸಿಗುವುದು ಬರಿ ಉಪ್ಪು, ಹುಳಿ, ಖಾರ. ನೆನೆಸಿಕೊಂಡಾಗ ಸಿಗುವುದೇ ರುಚಿ ಎಂದು ನಮ್ಮ ಡಾ. ಪದ್ಮಿನಿ ಶೆಣೈ ಕಂಡುಹಿಡಿದಿದ್ದರು. ಅವರು ಮಂಗಳೂರಿನವರು, ಹುಬ್ಬಳ್ಳಿ ಕಚೇರಿಯ ಮೂರನೆಯ ಮಹಡಿಯಲ್ಲಿದ್ದ ಪ್ರಯೋಗಾಲಯದ ಮುಖ್ಯಸ್ಥೆ.

ಗದಗ-ಬೆಟಗೇರಿಯ ಸಮುದಾಯ ಭವನದಲ್ಲಿ ನಲವತ್ತು ಹೆಂಗಸರಿಗೆ ನಾನು ತರಬೇತಿ ಕೊಟ್ಟೆ. ಮಾತಾಡಲು ಬಿಟ್ಟರೆ ನಾನು ಬಿಡುವವನಲ್ಲ. “ಅಕ್ಕಾರ, ಅಂಗಡಿ ಬಾಗಲಾ ದಿನಾ ಒಂದ ಹೊತ್ತಿಗೆ ತೆರೀತೀರೋ ಇಲ್ಲೋ? ಜಾಲತಾಣನೂ ಹಂಗ. ಇವತ್ತ ಹಾಕಿ ಎಂಟ ದಿನಾ ಬಿಟ್ರ ಮಂದಿ ಮರ್ತ ಬಿಡ್ತಾರ. ನಿಮ್ಮ ಮುಖಾ ತೋರಸ್ರಿ, ಡಬ್ಬಿ ಫೋಟೋಕ್ಕ ಯಾರೂ ನಿಲ್ಲಂಗಿಲ್ಲ. ಮನ್ಯಾಗ ಮಾಡೂದ್ನೆಲ್ಲಾ ಒಮ್ಮೆಲೆ ಮಾರಾಕ ಹೋಗಬ್ಯಾಡ್ರಿ, ಯಾವದರ ಒಂದಕ್ಕ ಹೆಸರ ಮಾಡ್ರಿ. ಯಾರರೆ ಏನರೆ ಕೇಳಿದ್ರ, ಹೆಸರ ಹಿಡದ ಕರದು ಉತ್ತರಾ ಕೊಡ್ರಿ. ಬೈದ್ರೂ ಕೊಡ್ರಿ.” ಇದೆಲ್ಲ ಇವತ್ತಿಗೂ ಸರಿಯಾದ ಮಾತೇ. ನನ್ನ ಹೊಟ್ಟೆ ಉರಿಯುವುದೂ ಅದಕ್ಕೇ. ನಾನು ಕಲಿಸಿದ್ದರಲ್ಲಿ ಒಂದೂ ತಪ್ಪು ಪಾಠ ಇರಲಿಲ್ಲ.

ಕೊನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಐವತ್ತೆಂಟರ ಆಸುಪಾಸು, ಕೈಮಗ್ಗದ ಸೀರೆ, ಮುಂಗೈವರೆಗೂ ಹಸಿರು ಬಳೆ.

“ತಮ್ಮಾ, ಸತ್ತವರ ಕೈ ರುಚಿನೂ ಮಂದಿಗೆ ತೋರಸಾಕ ಬರ್ತೈತೇನು?”

“ನಿಮಗ ನೆನಪಿದ್ರ ಸಾಕ್ರಿ ಅಕ್ಕಾರ.”

“ನೆನಪೇನ್ ಕೇಳ್ತೀಯೋ ಯಪ್ಪಾ, ಅದೊಂದ ಉಳದೈತಿ ನನ್ನ ಕಡೆ,” ಎಂದು ನಕ್ಕು ಕುಳಿತಳು. ಅವಳೇ ಬನಶಂಕ್ರವ್ವ. ಓಣಿಯವರಿಗೆಲ್ಲ ಬನಕ್ಕ. ತರಬೇತಿ ಮುಗಿದ ಮೇಲೆ ‘ಪಂಕ್ತಿ’ಗೆ ಸೇರುವ ಆ ಅರ್ಜಿ ತುಂಬಿದ್ದು ಅಲ್ಲೇ.

ಅವಳ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಮಗ್ಗ, ಮಗ್ಗದ ಹಿಂದೆ ಗಂಡ ಶಂಕ್ರಪ್ಪ. ಮನುಷ್ಯ ಮಾತಿಗಿಂತ ಮಗ್ಗದ ಸಪ್ಪಳವನ್ನೇ ಹೆಚ್ಚು ಮಾಡುತ್ತಿದ್ದ. ಒಳಗೆ ಅಡುಗೆಮನೆ, ಅಲ್ಲಿ ಒರಳು, ಅದರ ಮೇಲೆ ಗೋಡೆಯಲ್ಲಿ ಬನಕ್ಕನ ತಾಯಿ ಗೌರವ್ವನ ಫೋಟೋ. ಬನಕ್ಕ ಮಾಡುತ್ತಿದ್ದದ್ದು ಗುರೆಳ್ಳು ಚಟ್ನಿಪುಡಿ. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ಹುಣಸೆ, ಕೊನೆಗೊಂದು ಚೂರು ಬೆಲ್ಲ ಹಾಕಿ ಒರಳಿನಲ್ಲಿ ಕುಟ್ಟುವುದು. ಓಣಿಯ ಇಪ್ಪತ್ತು ಮನೆಗೆ, ಬಜಾರದ ಎರಡು ಅಂಗಡಿಗೆ ಹೋಗುತ್ತಿತ್ತು, ಅಷ್ಟೇ. ಅಳತೆ ಅಂತ ಒಂದು ಚಮಚವೂ ಆ ಮನೆಯಲ್ಲಿರಲಿಲ್ಲ. ಕುಟ್ಟುತ್ತಾ ಕುಟ್ಟುತ್ತಾ ಒಂದು ಗಳಿಗೆ ಒನಕೆ ನಿಲ್ಲಿಸಿ, ಬಗ್ಗಿ ವಾಸನೆ ತೆಗೆದುಕೊಂಡು, ಕಣ್ಣು ಮುಚ್ಚಿ, ಆಮೇಲೆ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದಳು. ನಾನು ಅದನ್ನು ಕಣ್ಣಾರೆ ನೋಡಿದೆ. ಬಾಯಿಗೆ ಹಾಕಿಕೊಳ್ಳಲಿಲ್ಲ ಎನ್ನುವುದನ್ನು ಮಾತ್ರ ನೋಡಲಿಲ್ಲ. ಕಣ್ಣಿದ್ದೂ ಕುರುಡ ಅಂದರೆ ನಾನೇ.

ಮೊದಲ ಪೋಸ್ಟ್ ಬೆಳಿಗ್ಗೆ ಹನ್ನೊಂದಕ್ಕೆ. ಊಟಕ್ಕೆ ಇನ್ನೂ ಹೊತ್ತಿದೆ, ಹೊಟ್ಟೆ ಚುರುಗುಟ್ಟಲು ಶುರುವಾಗಿದೆ, ಆಗ ಹಾಕಬೇಕು ಅಂತ ನಾನೇ ಹೇಳಿದ್ದು. ಬನಕ್ಕ ಫೋಟೋಗೆ ಕೈ ಮುಗಿದು ಒರಳಿನ ಪಕ್ಕ ಕುಳಿತಳು. ಹಣೆಗೆ ಪಟ್ಟಿ ಕಟ್ಟಿದೆ. “ನಮಸ್ಕಾರ್ರೀ ಎಲ್ಲಾರಿಗೂ, ಇದು ನಮ್ಮವ್ವ ಗೌರವ್ವನ ಕೈಯಾನ ಚಟ್ನಿ,” ಎಂದು ಹೇಳಿ ಕಣ್ಣು ಮುಚ್ಚಿದಳು. ಪರೀಕ್ಷೆಗೆ ಅಂತ ನನ್ನ ನಾಲಗೆಯ ಮೇಲೂ ಒಂದು ಬಿಲ್ಲೆ ಇತ್ತು.

ಏನು ಹೇಳಲಿ! ಮೊದಲು ಗುರೆಳ್ಳಿನ ಸಣ್ಣ ಕಹಿ, ಹಿಂದಿನಿಂದ ಬೆಳ್ಳುಳ್ಳಿ, ಆಮೇಲೆ ಕಿವಿಯವರೆಗೂ ಏರಿದ ಖಾರ, ಎಲ್ಲ ಮುಗಿಯಿತು ಅನ್ನುವಾಗ ಬೆಲ್ಲ. ಅದರ ಸಂಗಡ ಬಿಸಿ ರೊಟ್ಟಿಯ ಹಬೆ, ಗಂಜಿ ಹಾಕಿದ ನೂಲಿನ ವಾಸನೆ, ತುತ್ತು ಇಡುವಾಗ ತುಟಿಗೆ ತಾಗಿದ ಒರಟು ಬೆರಳು. ನನ್ನ ತಾಯಿಯಲ್ಲ, ನಾನು ಕಂಡವಳೂ ಅಲ್ಲ, ಆದರೂ ನನ್ನ ಕಣ್ಣು ತುಂಬಿ ಬಂತು. ಶಂಕ್ರಪ್ಪ ಮಗ್ಗ ನಿಲ್ಲಿಸಿ ಬಾಗಿಲಿಗೆ ಬಂದು ನನ್ನ ಮುಖ ನೋಡಿ, ಮತ್ತೆ ಮಗ್ಗಕ್ಕೆ ಹೋಗಿ ಕುಳಿತ.

ಮರುಗಳಿಗೆಯೇ ಹುಬ್ಬಳ್ಳಿಯಿಂದ ಡಾ. ಶೆಣೈ ಫೋನು. “ಎಂತ ಮಾರಾಯ್ರೆ ಇದು? ಗಾಢತೆ ತೊಂಬತ್ತನಾಲ್ಕು ತೋರಿಸ್ತಾ ಉಂಟು!” ಒಂದೊಂದು ಪೋಸ್ಟಿನ ರುಚಿ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಪ್ರಯೋಗಾಲಯದ ಗೋಡೆಯ ಮೇಲಿನ ಪರದೆ ತೋರಿಸುತ್ತಿತ್ತು. ಖಾನಾವಳಿಯ ಅಡುಗೆಯವರದು, ಹೋಟೆಲಿನ ಭಟ್ಟರದು ಮೂವತ್ತು ನಲವತ್ತು ದಾಟಿದರೆ ಹೆಚ್ಚು. “ಇವರು ಇದನ್ನು ಎಷ್ಟು ಸರ್ತಿ ತಿಂದಿರ್ಬಹುದು?” ಎಂದು ಕೇಳಿದರು.

“ದಿನಾ ತಿಂತಾರ್ರೀ ಮೇಡಂ,” ಎಂದೆ ನಾನು. ಎರಡನೆಯ ಸಲ.

ಮುಂದಿನದು ನನ್ನಂಥವರು ತರಬೇತಿಯಲ್ಲಿ ಪರದೆಯ ಮೇಲೆ ತೋರಿಸಿ ಬೀಗುವಂಥದ್ದು. ಒಂದೇ ತಿಂಗಳಲ್ಲಿ ಗೌರವ್ವನ ಗುರೆಳ್ಳು ಚಟ್ನಿ ದಾವಣಗೆರೆಗೆ, ಸೊಲ್ಲಾಪುರಕ್ಕೆ, ಪುಣೆಗೆ ಹೋಯಿತು. ಕುಟ್ಟಲು ಓಣಿಯ ನಾಲ್ವರು ಹೆಂಗಸರು ಬಂದರು. ಬನಕ್ಕ ನಾನು ಹೇಳಿದ್ದನ್ನು ಒಂದೂ ತಪ್ಪಿಸಲಿಲ್ಲ. ಹಬ್ಬವಿರಲಿ ಹುಣ್ಣಿಮೆಯಿರಲಿ, ಹನ್ನೊಂದಕ್ಕೆ ಒರಳಿನ ಪಕ್ಕ ಹಾಜರು. ಮಧ್ಯಾಹ್ನವೆಲ್ಲ ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರಿಗೂ ಉತ್ತರ: “ಕುಸುಮಾ, ಮಗಳು ಬಾಣಂತಿ ಅಂದ್ರಲ್ಲ, ಖಾರ ಕಡಿಮಿ ಮಾಡಿ ಕಳಸ್ಲೇನು?” ನಾನು ಹೋದಾಗ ಆರ್ಡರು ಎಷ್ಟು ಬಂತು ಅಂತ ಒಂದು ದಿನವೂ ಕೇಳಿದವಳಲ್ಲ. ಕೇಳುತ್ತಿದ್ದದ್ದು ಒಂದೇ.

“ಇವತ್ತ ಎಷ್ಟ ಮಂದಿ ಉಂಡ್ರೋ ನಮ್ಮವ್ವನ ಕೈಯಾಗ?”

“ಹನ್ನೆರಡ ಸಾವಿರ್ರೀ.”

“ಯವ್ವಾ! ಬದುಕಿದ್ದಾಗ ಹನ್ನೆರಡ ಮಂದಿಗೆ ಹೊಟ್ಟಿತುಂಬ ಹಾಕಾಕ ಆಗಿದ್ದಿಲ್ಲ ಆಕಿಗೆ. ಭಾಳ ಆಸೆ ಇತ್ತು, ಮಂದಿಗೆ ಉಣಸಬೇಕಂತ.” ಹೇಳುತ್ತಾ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು, ಅದೇ ಉಸಿರಿನಲ್ಲಿ ನಗುತ್ತಿದ್ದಳು. ನನಗೂ ಏನೋ ದೊಡ್ಡ ಪುಣ್ಯದ ಕೆಲಸ ಮಾಡಿದೆ ಅನ್ನುವ ಹಮ್ಮು.

ನಾಲ್ಕನೆಯ ತಿಂಗಳಿನಿಂದ ಪರದೆಯ ಮೇಲಿನ ಅಂಕಿ ಇಳಿಯಿತು. ತೊಂಬತ್ತನಾಲ್ಕು ಇದ್ದದ್ದು ಎಂಬತ್ತು, ಎಪ್ಪತ್ತು, ಒಂದು ದಿನ ಐವತ್ತೈದು. ಗಾಢತೆ ಇಳಿದ ಹಾಗೆ ಪೋಸ್ಟ್ ತಲುಪುವ ಮಂದಿಯೂ ಕಡಿಮೆಯಾದರು. ನನಗೆ ಇದು ಹೊಸದಲ್ಲ. ಎಲ್ಲ ಜಾಲತಾಣಗಳಲ್ಲೂ ಹೀಗೆ ಆಗುತ್ತದೆ, ಮಂದಿಗೆ ಬೇಸರ ಬರುತ್ತದೆ, ಆಗ ಇನ್ನೂ ಹೆಚ್ಚು ಹಾಕಬೇಕು. ಅದೇ ಬುದ್ಧಿ ಹೇಳಿದೆ. “ಅಕ್ಕಾರ, ಇನ್ನ ಮ್ಯಾಲೆ ದಿನಾ ಎರಡ ಸಲ ಹಾಕ್ರಿ. ಹನ್ನೊಂದಕ್ಕೊಂದು, ಸಂಜಿ ಐದಕ್ಕೊಂದು.” ಬನಕ್ಕ ತಲೆಯಾಡಿಸಿದಳು. ಉರಿಯುವ ಮನೆಗೆ ಎಣ್ಣೆ ಹೊಯ್ಯುವುದನ್ನು ಇಷ್ಟು ಚಂದವಾಗಿ, ಪರದೆಯ ಮೇಲೆ ಬಣ್ಣದ ಗೆರೆ ಎಳೆದು, ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ.

ಅದೇ ಹೊತ್ತಿಗೆ ದಾವಣಗೆರೆಯ ಕುಸುಮಾ ಎಲ್ಲರಿಗೂ ಕಾಣುವ ಹಾಗೆ ಬರೆದಳು: ‘ಬನಕ್ಕ, ನಿಮ್ಮ ಮೊದಲನೇ ಪೋಸ್ಟ್ ನಾನು ತೆಗೆದಿಟ್ಟುಕೊಂಡಿದ್ದೇನೆ. ಅದರ ರುಚಿ ಬೇರೆ, ಈ ಸಲದ ಡಬ್ಬಿಯ ರುಚಿ ಬೇರೆ. ಇದು ಬರೀ ಉಪ್ಪು. ಕೆಲಸದವರ ಕೈಗೆ ಕೊಟ್ಟುಬಿಟ್ಟಿರಾ?’ ನಾನು ಫೋನಿನಲ್ಲಿ ಬನಕ್ಕನಿಗೆ ಉತ್ತರ ಬರೆಯುವುದು ಕಲಿಸಿದೆ: ತಪ್ಪಾಯಿತು ಅನ್ನಿ, ಜಗಳಕ್ಕೆ ನಿಲ್ಲಬೇಡಿ, ಇನ್ನೊಂದು ಡಬ್ಬಿ ಕಳಿಸಿ.

“ಅದೆಲ್ಲಾ ಬರೀತೇನಿ ತಮ್ಮಾ. ಆದ್ರ ಆಕಿ ಖರೇನ ಹೇಳ್ತಾಳೇನು? ಉಪ್ಪು ಹೆಚ್ಚಾಗೇತೇನು?” ಬನಕ್ಕನ ದನಿಯಲ್ಲಿ ಏನೋ ಅಳುಕು ಇತ್ತು.

“ಒಬ್ಬಾಕಿ ಅಂದ್ರ ತಲಿ ಕೆಡಿಸ್ಕೋಬ್ಯಾಡ್ರಿ,” ಎಂದೆ.

ಎಂಟು ತಿಂಗಳಾಗಿರಬೇಕು. ಒಂದು ಬುಧವಾರ ಹನ್ನೊಂದು ಹತ್ತಕ್ಕೆ ಬನಕ್ಕನ ಫೋನು. “ತಮ್ಮಾ, ಪಟ್ಟಿ ಕೆಟ್ಟೈತಿ. ಕಣ್ಣ ಮುಚ್ಚಿದ್ರ ಏನೂ ಬರವಲ್ದು.” ಹೊಸ ಪಟ್ಟಿ ತೆಗೆದುಕೊಂಡು ಬಸ್ಸು ಹತ್ತಿದೆ. ಅವಳ ಹಣೆಗೆ ಕಟ್ಟಿದೆ. ಬನಕ್ಕ ಕಣ್ಣು ಬಿಗಿ ಮುಚ್ಚಿದಳು, ಹುಬ್ಬು ಗಂಟಿಕ್ಕಿತು. ನನ್ನ ಫೋನಿನ ಪರದೆಯ ಮೇಲೆ ಸೊನ್ನೆ. ಹಳೆಯ ಪಟ್ಟಿಯನ್ನು ನನ್ನ ಹಣೆಗೆ ಕಟ್ಟಿಕೊಂಡು ಬೆಳಿಗ್ಗೆ ತಿಂದ ಉಪ್ಪಿಟ್ಟು ನೆನೆಸಿಕೊಂಡೆ. ಮೂವತ್ತೆರಡು ತೋರಿಸಿತು. ಪಟ್ಟಿ ಚೆನ್ನಾಗಿಯೇ ಇತ್ತು.

ಆಗ ಸುತ್ತ ನೋಡಿದೆ. ಒರಳಿನ ಪಕ್ಕ ಒಂದು ಅಳತೆಯ ಚಮಚ. ಒಂದು ಚೀಟಿಯ ಮೇಲೆ ಉಪ್ಪು ಎರಡು ಎಂದು ಬರೆದು, ಹೊಡೆದು ಹಾಕಿ, ಮೂರು ಎಂದು ಬರೆದು, ಅದನ್ನೂ ಹೊಡೆದು ಹಾಕಿತ್ತು.

“ಮೂರ ತಿಂಗಳಾತು ತಮ್ಮಾ,” ಎಂದಳು ಬನಕ್ಕ, ನೆಲ ನೋಡುತ್ತಾ. “ಮೊದಲ ಒರಳಿನ್ಯಾಗ ಬಗ್ಗಿದ್ರ ಸಾಕಿತ್ತು, ಅವ್ವ ಇಲ್ಲೇ ಬಾಜೂಕ ಕುಂತ ‘ಇನ್ನೊಂದ ಚಿಟಿಕಿ ಹಾಕು’ ಅಂದಂಗ ಆಗ್ತಿತ್ತು. ಈಗ ವಾಸನಿ ಬರ್ತೈತಿ, ಅವ್ವ ಬರವಲ್ಲಳು. ಎಷ್ಟ ಹಾಕಬೇಕಂತ ಹೆಂಗ ತಿಳೀಬೇಕು?”

“ಒಂದೀಟ ಬಾಯಾಗ ಹಾಕ್ಕೊಂಡ ನೋಡ್ರಲ್ಲ ಮತ್ತ!”

ಬನಕ್ಕ ತಲೆಯೆತ್ತಿ ನನ್ನನ್ನು ನೋಡಿದಳು. ಮುಂದಿನ ಕೋಣೆಯಲ್ಲಿ ಮಗ್ಗ ನಿಂತಿತು. ಶಂಕ್ರಪ್ಪ ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

“ಆಕಿ ಅದನ್ನ ತಿನ್ನಂಗಿಲ್ಲಪಾ,” ಎಂದ. “ಹನ್ನೊಂದ ವರ್ಷಾತು. ಆಕಿ ಅವ್ವ ತೀರಿಕೊಂಡ ಮ್ಯಾಲೆ ಕಾಶಿಗೆ ಹೋಗಿದ್ವಿ. ಅಲ್ಲಿ ಬಿಟ್ಟ ಬಂದಾಳ.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಾಶಿಗೆ ಹೋದವರು ಗಂಗೆಯಲ್ಲಿ ಮುಳುಗಿ ತಮಗೆ ಪ್ರೀತಿಯ ಒಂದು ಪದಾರ್ಥವನ್ನು ಬಿಟ್ಟು ಬರುತ್ತಾರೆ. ಬಿಟ್ಟ ಮೇಲೆ ಅದನ್ನು ಸಾಯುವತನಕ ಬಾಯಿಗೆ ಹಚ್ಚುವುದಿಲ್ಲ. ಹೆಚ್ಚಿನವರು ಜಾಣರು. ನಮ್ಮವ್ವ ಬದನೆಕಾಯಿ ಬಿಟ್ಟು ಬಂದಳು, ಹೇಗೂ ಅದನ್ನು ತಿಂದರೆ ಅವಳಿಗೆ ಮೈ ತುರಿಸುತ್ತಿತ್ತು. ಬನಕ್ಕನಿಗೆ ಆ ಜಾಣತನ ಬರಲಿಲ್ಲ. ತನಗೆ ಎಲ್ಲಕ್ಕಿಂತ ಪ್ರೀತಿಯದು ಯಾವುದು ಅಂತ ನೋಡಿ ಅವ್ವನ ಚಟ್ನಿಯನ್ನೇ ಬಿಟ್ಟಳು. ಮಾಡುವುದನ್ನು ಬಿಡಲಿಲ್ಲ, ತಿನ್ನುವುದನ್ನು ಬಿಟ್ಟಳು. ಹನ್ನೊಂದು ವರ್ಷ ಬರೀ ನೆನಪಿನಿಂದ ಕುಟ್ಟಿದಳು. ಅದಕ್ಕೇ ಆ ತೊಂಬತ್ತನಾಲ್ಕು!

ಕಾಶಿಯ ಈ ವಾಡಿಕೆ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಮನೆಯಲ್ಲೇ ಬದನೆಕಾಯಿ ಪಲ್ಯ ಮಾಡಿದ ದಿನ ಅವ್ವನಿಗೆ ಬೇರೆ ಪಲ್ಯ ಆಗುತ್ತಿತ್ತು. ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಡುಗೆಮನೆಯ ನೆಲದ ಮೇಲೆ ಕುಳಿತವನಿಗೆ ಹದಿನೇಳನೆಯ ಪ್ರಶ್ನೆ ಅಕ್ಷರ ಅಕ್ಷರವಾಗಿ ನೆನಪಾಯಿತು.

“ನೀವರೆ ದಿನಾ ಉಣ್ತಿದ್ರಲ್ಲ,” ಎಂದು ಶಂಕ್ರಪ್ಪನ ಮೇಲೆ ಹರಿಹಾಯ್ದೆ. “ರುಚಿ ಕೆಟ್ಟೈತಿ ಅಂತ ಒಂದ ಮಾತ ಹೇಳಬಾರದಿತ್ತೇನ್ರೀ?”

“ಹೆಂಗ ಹೇಳ್ಲೋ? ಅವ್ವನ ಹೆಸರ ಹೇಳಿ ಮಾಡ್ತಾಳ. ಚಲೋ ಆಗಿಲ್ಲ ಅಂದ್ರ ಆಕಿ ಜೀವ ಎಷ್ಟ ನೋಯ್ತಿತ್ತು,” ಎಂದ ಆ ಮನುಷ್ಯ. ತಿಂಗಳುಗಟ್ಟಲೆ ಉಪ್ಪು ಮುಕ್ಕಿಕೊಂಡು ಸುಮ್ಮನೆ ಎದ್ದು ಕೈ ತೊಳೆದಿದ್ದಾನೆ!

ಮರುದಿನ ಪ್ರಯೋಗಾಲಯದಲ್ಲಿ ಡಾ. ಶೆಣೈ ಬನಕ್ಕನ ಅಷ್ಟೂ ದಿನದ ಅಂಕಿಗಳನ್ನು ಗೋಡೆಯ ಮೇಲೆ ಹಾಕಿಸಿದರು. ಗೆರೆ ಬೆಟ್ಟದಿಂದ ಬಾವಿಗೆ ಇಳಿದ ಹಾಗಿತ್ತು.

“ನೆನಪು ಅಂದ್ರೆ ಬೆಲ್ಲದ ಪಾಕ ಇದ್ದ ಹಾಗೆ,” ಎಂದರು ಅವರು. “ಸುಮ್ಮನೆ ಇದ್ದಾಗ ಗಟ್ಟಿ ಇರ್ತದೆ. ನೆನೆಸಿಕೊಂಡ್ರೆ ಬಿಸಿ ಆಗಿ ಕರಗ್ತದೆ, ಆಮೇಲೆ ಪುನಃ ಗಟ್ಟಿ ಆಗ್ತದೆ. ನಮ್ಮ ಪಟ್ಟಿ ಅದನ್ನು ಕರಗಿದ ಹೊತ್ತಲ್ಲೇ ಓದುವುದು. ಓದುವಾಗ ಒಂದು ಸೌಟು ಅದರಲ್ಲೇ ಹೋಗ್ತದೆ. ನಾವು ಪರೀಕ್ಷೆ ಮಾಡಿದ್ದೆಲ್ಲ ಅಡುಗೆ ಭಟ್ಟರ ಮೇಲೆ. ಅವರು ದಿನಕ್ಕೆ ಹತ್ತು ಸಲ ರುಚಿ ನೋಡ್ತಾರೆ, ಹೋದ ಸೌಟು ಅವತ್ತೇ ತುಂಬ್ತದೆ. ಹಾಗಾಗಿ ಯಾರದೂ ಕಮ್ಮಿ ಆಗ್ಲಿಲ್ಲ. ತಿನ್ನದವರ ಮೇಲೆ ಪರೀಕ್ಷೆ ಮಾಡಿರ್ಲಿಲ್ಲ, ಅವರಿಗೆ ಕಟ್ಟಬಾರದು ಅಂತಲೇ ಹದಿನೇಳನೆಯ ಪ್ರಶ್ನೆ ಹಾಕಿದ್ದು ಈರಣ್ಣ.” ನನ್ನ ಕೈಬರಹದ ಅರ್ಜಿ ಅವರ ಮೇಜಿನ ಮೇಲಿತ್ತು.

“ನಾನ ಹಾಕಿದ್ದ್ರೀ ಮೇಡಂ, ಆಕಿನ್ನ ಕೇಳಲಿಲ್ಲ,” ಎಂದೆ. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ತಮ್ಮ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

“ತಿರುಗಿ ಕೊಡಾಕ ಬರಂಗಿಲ್ಲೇನ್ರೀ? ಈಗ ಚಟ್ನಿ ತಿಂದ್ರ?”

“ಈಗಿನ ಚಟ್ನಿ ಅವರ ಅಮ್ಮನದ್ದು ಅಲ್ಲ ಅಲ್ವಾ? ಅಳತೆಯೇ ಹೋಗಿದೆ. ಒಂದೇ ದಾರಿ ಉಂಟು. ಮೊದಲನೇ ಪೋಸ್ಟ್ ಪೂರ್ತಿ ಇದೆ ನಮ್ಮ ಹತ್ರ. ಬಿಲ್ಲೆಯಲ್ಲಿ ಅವರಿಗೇ ಅದನ್ನು ಕೊಡಿ. ಒಳಗೆ ಎಲ್ಲಾದ್ರೂ ಒಂದು ಹರಳು ಉಳಿದಿದ್ರೆ, ಇದು ನನ್ನದು ಅಂತ ಗುರುತು ಹಿಡಿಯುತ್ತಾರೆ. ಗುರುತು ಹಿಡಿದ್ರೆ ಪಾಕ ಪುನಃ ಗಟ್ಟಿ ಆಗ್ತದೆ.”

“ಹಿಡೀದಿದ್ರ?”

“ಹಿಡಿಯದಿದ್ರೆ ಅದು ಅವರಿಗೆ ಯಾರದೋ ಚಟ್ನಿ. ಅಷ್ಟೇ.” ಬಿಲ್ಲೆಯ ಡಬ್ಬಿಯನ್ನು ನನ್ನ ಮುಂದಿಟ್ಟು ಹೇಳಿದರು, “ಮೊದಲೇ ಇದು ಅಮ್ಮಂದು ಅಂತ ಹೇಳ್ಬೇಡಿ. ಹೇಳಿದ್ರೆ ಅವರು ನಂಬಿಬಿಡ್ತಾರೆ. ನಂಬುವುದು ಬೇರೆ, ಗುರುತು ಹಿಡಿಯುವುದು ಬೇರೆ. ಸುಮ್ಮನೆ ಯಂತ್ರದ ಪರೀಕ್ಷೆ ಅನ್ನಿ.”

ಬೆಟಗೇರಿಗೆ ಹೋಗುವ ಬಸ್ಸಿನಲ್ಲಿ ಬಿಲ್ಲೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದೆ. ದಾರಿಯುದ್ದಕ್ಕೂ ಒಂದೇ ಲೆಕ್ಕ. ಆ ಮೊದಲ ಪೋಸ್ಟನ್ನು ತೆಗೆದಿಟ್ಟುಕೊಂಡವರು ನಲವತ್ತೊಂದು ಸಾವಿರ ಮಂದಿ. ದಾವಣಗೆರೆಯ ಕುಸುಮಾಳ ನಾಲಗೆಯ ಮೇಲೆ ಗೌರವ್ವ ಇದ್ದಾಳೆ, ನನ್ನ ನಾಲಗೆಯ ಮೇಲೂ ಇದ್ದಾಳೆ. ಹೆತ್ತ ಮಗಳ ನಾಲಗೆಯ ಮೇಲೆ ಮಾತ್ರ ಇಲ್ಲ. ಸತ್ತವರ ಕೈ ರುಚಿ ತೋರಿಸಲು ಬರುತ್ತದೆಯೇ ಎಂದು ಕೇಳಿದ್ದಳು ಪಾಪ. ತೋರಿಸಿಕೊಟ್ಟೆವು!

ಮೊದಲು ನನ್ನ ತಪ್ಪು ಒಪ್ಪಿಕೊಂಡೆ. ಅರ್ಜಿ, ಹದಿನೇಳನೆಯ ಪ್ರಶ್ನೆ, ಗೀಚಿದ ಗುರುತು, ಒಂದೊಂದು ಪೋಸ್ಟಿಗೂ ಒಂದೊಂದು ಸೌಟು ನೆನಪು ಹೋದದ್ದು, ಎಲ್ಲ ಹೇಳಿದೆ. ಬನಕ್ಕ ಒರಳಿನ ಪಕ್ಕ ಕುಳಿತು ಕೇಳಿದಳು. ಕೇಳುತ್ತಾ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸುತ್ತಿದ್ದಳು, ಅವು ಮತ್ತೆ ಕೆಳಗೆ ಜಾರುತ್ತಿದ್ದವು.

“ನೀ ಕೇಳಿದ್ರ ಹೇಳ್ತಿದ್ನೆಲ್ಲೋ ತಮ್ಮಾ,” ಎಂದಳು. “ಮುಚ್ಚಿಡೂವಂಥಾದ್ದೇನಿತ್ತು ಅದರಾಗ?”

ನನಗೆ ಅಳು ಬಂತು. ಅತ್ತೂಬಿಟ್ಟೆ. ಆಕೆಯೇ ಎದ್ದು ಒಂದು ಚರಿಗೆ ನೀರು ತಂದುಕೊಟ್ಟಳು.

“ಕಾಶ್ಯಾಗ ತಿನ್ನೂದನ್ನ ಅಷ್ಟ ಬಿಟ್ಟಿದ್ದೆ ನಾ,” ಎಂದಳು ತನಗೆ ತಾನೇ ಅನ್ನುವ ಹಾಗೆ. “ನೆನಸೂದನ್ನ ಬಿಟ್ಟಿದ್ದಿಲ್ಲ. ಗಂಗಾದಾಗ ಮುಳುಗಿ ಅದನ್ನ ಅಂದಿದ್ದೆ, ಯವ್ವಾ, ಬಾಯಿಗೆ ಇಡಂಗಿಲ್ಲ, ಮನಸ್ಸಿನ್ಯಾಗ ಇಟಗೋತೇನಿ ಅಂತ.”

ಡಬ್ಬಿ ತೆರೆದು ಬಿಲ್ಲೆ ತೋರಿಸಿದೆ. ಡಾಕ್ಟರು ಹೇಳಿದ ಹಾಗೆ, “ಯಂತ್ರದ ಪರೀಕ್ಷಾ ಐತ್ರೀ, ಇದನ್ನ ನಾಲಿಗಿ ಮ್ಯಾಲೆ ಇಟಗೊಂಡ ಏನನಸ್ತದ ಹೇಳ್ರಿ,” ಎಂದೆ. ಇಷ್ಟು ದಿನ ಊರಿಗೆಲ್ಲ ರುಚಿ ಕಳಿಸಿದವಳು ಬಿಲ್ಲೆಯನ್ನು ಒಮ್ಮೆಯೂ ಬಾಯಿಗೆ ಇಟ್ಟುಕೊಂಡವಳಲ್ಲ.

“ಇದರಾಗ ಚಟ್ನಿ ಇರಂಗಿಲ್ಲಲ್ಲಾ?”

“ಇಲ್ರೀ ಅಕ್ಕಾರ. ಬರೇ ತಗಡು.”

“ರುಚಿ ಇರ್ತೈತಿ.”

“ರುಚಿ ಇರ್ತೈತ್ರಿ.” ಸುಳ್ಳು ಹೇಳುವ ಧೈರ್ಯ ಅವತ್ತು ನನಗೆ ಉಳಿದಿರಲಿಲ್ಲ. ಯಾವ ರುಚಿ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಬನಕ್ಕ ಗಂಡನ ಕಡೆ ನೋಡಿದಳು. ಶಂಕ್ರಪ್ಪ ಬಾಗಿಲಲ್ಲೇ ನಿಂತಿದ್ದ. “ಇಟಗೋ,” ಎಂದ. “ಕಾಶಿ ಗಂಗವ್ವ ತಿಳಕೋತಾಳ.” ಬನಕ್ಕ ಎದ್ದು ಕೈಕಾಲು ತೊಳೆದು ಬಂದು, ಫೋಟೋದ ಮುಂದೆ ಗಲ್ಲ ಗಲ್ಲ ಬಡಿದುಕೊಂಡು, ಕುಳಿತು, ಬಿಲ್ಲೆಯನ್ನು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ನಾನು ಗುಂಡಿ ಒತ್ತಿದೆ.

ಆರು ಸೆಕೆಂಡು ಅಂದರೆ ಎಷ್ಟು ಉದ್ದ ಅಂತ ನನಗೆ ಅವತ್ತು ಗೊತ್ತಾಯಿತು. ಬಿಲ್ಲೆ ಇಲ್ಲದಿದ್ದರೂ ನನ್ನ ಬಾಯಲ್ಲೂ ನೆನಪಿನಿಂದಲೇ ಅದೇ ಕ್ರಮದಲ್ಲಿ ಬಂತು: ಕಹಿ, ಬೆಳ್ಳುಳ್ಳಿ, ಖಾರ. ಈಗ ಬೆಲ್ಲ, ಈಗ ತುಟಿಗೆ ಬೆರಳು ಅಂದುಕೊಂಡೆ. ಅದೇ ಗಳಿಗೆಗೆ ಬನಕ್ಕನ ಮುಖ ಅರಳಿತು. ಹುಬ್ಬಿನ ಗಂಟು ಬಿಚ್ಚಿತು, ತುಟಿಯ ಮೂಲೆಯಲ್ಲಿ ನಗು ಬಂತು. ಸಿಕ್ಕಿತು, ಉಳಿದಿದೆ, ದೇವರೇ!

ಬನಕ್ಕ ಕಣ್ಣು ತೆರೆದಳು.

“ಭಾಳ ಚಲೋ ಐತಿ ತಮ್ಮಾ,” ಎಂದಳು. “ಯಾರ ಮನೀದಿದು?”

ನಾನು ಶಂಕ್ರಪ್ಪನ ಕಡೆ ನೋಡಿದೆ. ಅವನು ಮುಖ ತಿರುಗಿಸಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

“ಕಡೀಕ ಒಂದೀಟ ಬೆಲ್ಲಾ ಬರ್ತೈತಿ ನೋಡು, ಎಂಥಾ ಹದಾ!” ಬನಕ್ಕ ಇನ್ನೂ ಬಾಯಿ ಚಪ್ಪರಿಸುತ್ತಿದ್ದಳು. “ಯಾವದೋ ತಾಯಿ ಅಂತಃಕರಣದಿಂದ ಮಾಡ್ಯಾಳ. ಈ ಕೈಯಾಗ ಉಂಡ ಬೆಳದ ಮಕ್ಕಳು ಪುಣ್ಯಾ ಮಾಡಿರಬೇಕು.”

“ಅಕ್ಕಾರ,” ಎಂದೆ. “ಅಕ್ಕಾರ, ಅದು ನಿಮ್ಮವ್ವಂದ್ರೀ. ಮೊದಲನೇ ದಿನ ನೀವ ಕಳಿಸಿದ್ದು.”

ಅವಳು ಫೋಟೋ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ನನಗೆ ನೋವಾಗಬಾರದು ಅನ್ನುವ ಹಾಗೆ.

“ಹೌದನು?” ಎಂದಳು. “ನೀ ಅಂತೀ ಅಂದ ಮ್ಯಾಲೆ ಇದ್ದಿರಬೇಕು ಬಿಡು.”

ಎದ್ದು ಬಿಲ್ಲೆಯನ್ನು ತೊಳೆದು ಸೆರಗಿನಿಂದ ಒರೆಸಿ ಅದರ ಡಬ್ಬಿಯಲ್ಲಿಟ್ಟಳು. ಮುಚ್ಚಳ ಹಾಕಲು ಹೋದವಳು ತಡೆದು, ಗೂಡಿನಲ್ಲಿದ್ದ ಬೆಲ್ಲದ ಹೆಂಟೆಯಿಂದ ಒಂದು ಚೂರು ಮುರಿದು ಅದರ ಜೊತೆಗೆ ಇಟ್ಟಳು.

“ಮಂದಿ ಮನೀ ಬಟ್ಟಲಾ ಬರಿದ ಕಳಸಬಾರದು ತಮ್ಮಾ,” ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. “ಅವರಿಗೆ ಹೇಳು, ಭಾಳ ಚಲೋ ಆಗಿತ್ತಂತ.”